ಬರಹಕ್ಕೆ ತಕ್ಕ ಪತ್ರಿಕೆ

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಶಿವಾನುಭವ ಗೋಷ್ಠಿಗಳು, ಅಕ್ಕನ ಬಳಗಗಳು, ವಚನ ವಾಚನದ ಕೂಟಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ಇಂತಹ ಕೂಟಗಳಲ್ಲಿ ಕಲೆಯುವವರಲ್ಲಿ ಹಲವರು ಕೇವಲ ಶ್ರೋತೃಗಳಲ್ಲ. ಕೆಲವರು ಆಧುನಿಕ ವಚನಗಳನ್ನು ರಚಿಸುತ್ತಾರೆ, ಕೆಲವರು ಸಣ್ಣಕಥೆಗಳನ್ನು ಬರೆಯುತ್ತಾರೆ. ಕಾಲೇಜುಗಳಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ವಿದ್ಯಾರ್ಥಿಗಳು ಕವಿತೆಗಳನ್ನು ಕಟ್ಟುತ್ತಾರೆ. ಬರೆದುದನ್ನು ಅಚ್ಚಿನಲ್ಲಿ ನೋಡಬೇಕೆಂಬ ಬಯಕೆ ಸಹಜವಾದದ್ದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಪತ್ರಿಕೆಗೆ ಕಳುಹಿಸಬೇಕು ಎಂಬಲ್ಲಿಗೆ ಬಂದಾಗ ಬಹುಮಂದಿ ಕೇಳುವ ಪ್ರಶ್ನೆ ಒಂದೇ: ‘ಯಾವುದು ದೊಡ್ಡ ಪತ್ರಿಕೆ?’ ಈ ಪ್ರಶ್ನೆಯಿಂದ ಹೊರಟವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಹೆಸರಾಂತ ಪತ್ರಿಕೆಯೊಂದಕ್ಕೆ ಕಳುಹಿಸಿ, ಉತ್ತರ ಬಾರದೆ ನಿರಾಶರಾಗಿ ಲೇಖನಿಯನ್ನು ಕೆಳಗಿಡುತ್ತಾರೆ. ಇಲ್ಲವೇ ಕೇಳಿದವರಿಗೆಲ್ಲ ಇಲ್ಲವೆನ್ನದ ಕಡೆ ಪ್ರಕಟಿಸಿಕೊಂಡು ಅಲ್ಲಿಯೇ ತೃಪ್ತರಾಗುತ್ತಾರೆ. ಎರಡರಿಂದಲೂ ಬರಹ ಬೆಳೆಯುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಬರಹವನ್ನು ಎಚ್ಚರದಿಂದ ಓದಿ, ಬೇಡವೆನಿಸಿದರೆ ಬೇಡವೆಂದು ಹೇಳಬಲ್ಲ ಸಂಪಾದಕರು ಯಾರು? ಅಚ್ಚಾದ ಮೇಲೆ ಅದನ್ನು ಓದಿ ವಿಚಾರ ಮಾಡುವ ವಾಚಕರು ಎಲ್ಲಿದ್ದಾರೆ? ಪತ್ರಿಕೆಯ ಗೌರವವು ಈ ಎರಡರಿಂದ ಹುಟ್ಟುತ್ತದೆ. ಪ್ರಸಾರ ಸಂಖ್ಯೆ, ನುಣುಪು ಕಾಗದ, ಬಣ್ಣದ ಮುಖಪುಟ ಇವೆಲ್ಲ ಆಮೇಲಿನ ಮಾತು.

ಶರಣ ಸಾಹಿತ್ಯದ ಅಭ್ಯಾಸಿಗಳಿಗೆ ಈ ವಿಚಾರ ಹೊಸದೆನಿಸಬೇಕಾಗಿಲ್ಲ. ಶೂನ್ಯಸಂಪಾದನೆಗಳು ಚಿತ್ರಿಸುವ ಅನುಭವ ಮಂಟಪದಲ್ಲಿ ಮಾತೆಂಬುದು ಆಡಿದೊಡನೆ ಅಂಗೀಕೃತವಾಗುವುದಿಲ್ಲ. ಅಲ್ಲಮಪ್ರಭುದೇವರು ಪ್ರಶ್ನಿಸುತ್ತಾರೆ. ಸಿದ್ಧರಾಮರಂತಹ ಯೋಗಿಗಳೂ, ಅಕ್ಕಮಹಾದೇವಿಯಂತಹ ವಿರಾಗಿಣಿಯೂ, ಮುಕ್ತಾಯಕ್ಕನಂತಹ ಶರಣೆಯೂ ಆ ಪ್ರಶ್ನೆಗಳಿಗೆ ಎದುರಾಗಿ ನಿಂತು ಉತ್ತರಿಸಬೇಕಾಗುತ್ತದೆ. ಒರೆಗೆ ಹಚ್ಚಿಸಿಕೊಂಡ ಮಾತೇ ಅಲ್ಲಿ ನಿಲ್ಲುತ್ತದೆ. ಇನ್ನೊಂದು ದೃಷ್ಟಿಯಿಂದ ನೋಡಿದರೆ ಶೂನ್ಯಸಂಪಾದನೆಯೇ ಸಂಪಾದನ ಕಾರ್ಯದ ಒಂದು ಮಹಾನಿದರ್ಶನ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಂದೇ ವಸ್ತುವನ್ನು ಮತ್ತೆ ಮತ್ತೆ ಸಂಕಲಿಸಿದರು. ತಮಗೆ ಮುಂಚಿನವರ ಸಂಕಲನವು ಇದ್ದಂತೆಯೇ ಸಾಕೆಂದು ಅವರು ಸುಮ್ಮನಾಗಲಿಲ್ಲ. ಕೆಲವು ವಚನಗಳನ್ನು ಬಿಟ್ಟರು, ಕೆಲವನ್ನು ಸೇರಿಸಿದರು, ಕ್ರಮವನ್ನು ಬದಲಿಸಿದರು. ಹನ್ನೆರಡನೆಯ ಶತಮಾನದ ವಚನಗಳು ಇಂದಿನವರ ಕೈಗೆ ಬಂದಿರುವುದು ಇಂತಹ ಸಂಕಲನಕಾರರ ಮತ್ತು ಲಿಪಿಕಾರರ ಕೈಯಿಂದಲೇ. ಸಂಪಾದಕನನ್ನು ಬರಹಗಾರನ ದಾರಿಗೆ ಅಡ್ಡ ನಿಂತವನೆಂದು ಭಾವಿಸುವ ಇಂದಿನ ಯುವಕರು ಈ ಇತಿಹಾಸವನ್ನು ಒಮ್ಮೆ ನೆನೆಯಬೇಕು.

ಅದೇ ರೀತಿ, ತಕ್ಕ ಪತ್ರಿಕೆಯೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಡಾ. ಫ.ಗು. ಹಳಕಟ್ಟಿಯವರ ಬದುಕು ಸಾಕ್ಷಿಯಾಗಿದೆ. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಮನೆ ಅಲೆದು ತಾಡವೋಲೆಗಳನ್ನು ಸಂಗ್ರಹಿಸಿ, ವಚನಗಳನ್ನು ಶೋಧಿಸಿ ಸಿದ್ಧಪಡಿಸಿದ ಹಸ್ತಪ್ರತಿಯು ಮೊದಲು ಹೋದ ಮುದ್ರಣಾಲಯದಿಂದ ಹಿಂದಿರುಗಿತೆಂದು ಅವರ ಜೀವನವನ್ನು ಬರೆದವರು ತಿಳಿಸುತ್ತಾರೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆ ಬಳಿಕ ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅಂದರೆ ನಾಡು ಅವರನ್ನು ಗೌರವಿಸಿದ ವರ್ಷವೇ ಅವರು ಸಣ್ಣ ಪತ್ರಿಕೆಯೊಂದರ ಭಾರವನ್ನು ಹೆಗಲಿಗೇರಿಸಿಕೊಂಡರು. ‘ಶಿವಾನುಭವ’ಕ್ಕೆ ಚಂದಾದಾರರ ದೊಡ್ಡ ಬಲವೇನೂ ಇರಲಿಲ್ಲ. ಆದರೂ ವಚನ ಸಾಹಿತ್ಯವನ್ನು ಕುರಿತು ಏನನ್ನಾದರೂ ಖಚಿತವಾಗಿ ತಿಳಿಯಬೇಕೆಂದವರು ಅದನ್ನು ಓದಲೇಬೇಕಾಗಿತ್ತು. ಗೌರವಾನ್ವಿತ ಪತ್ರಿಕೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥವಿವರಣೆ ದೊರೆಯಲಾರದು.

ಕನ್ನಡದ ಸಾಹಿತ್ಯ ಪತ್ರಿಕೆಗಳ ಚರಿತ್ರೆಯಲ್ಲಿ ಇದೇ ಸಂಗತಿ ಬೇರೆ ಬೇರೆ ರೂಪಗಳಲ್ಲಿ ಕಾಣುತ್ತದೆ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ‘ಪರಿಷತ್ಪತ್ರಿಕೆ’ ಸಂಶೋಧನೆಗೆ ನೆಲೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಆರೈಕೆಯಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ಣಾಟಕ’ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಹೋಗಿ ನವೋದಯದ ಬರಹಗಾರರಿಗೆ ಮನೆಯಾಯಿತು. ಮಾಸ್ತಿಯವರು 1944ರಿಂದ ಎರಡು ದಶಕಗಳಷ್ಟು ಕಾಲ ‘ಜೀವನ’ ಮಾಸಪತ್ರಿಕೆಯನ್ನು ಸಂಪಾದಿಸಿದರು. ಅವರು ವಾಸವಾಗಿದ್ದ ಗವಿಪುರವು ಬಸವನಗುಡಿಗೆ ಹೊಂದಿಕೊಂಡಿರುವುದರಿಂದ, ಆ ಪತ್ರಿಕೆಯ ನೆನಪು ದಕ್ಷಿಣ ಬೆಂಗಳೂರಿನ ನೆನಪೂ ಆಗಿದೆ. ನವ್ಯದ ಕಾಲದಲ್ಲಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಬಂತು. ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಸೇರಿ ‘ಸಂಕ್ರಮಣ’ವನ್ನು ಆರಂಭಿಸಿದರು. ಎಪ್ಪತ್ತರ ದಶಕದಲ್ಲಿ ಶೂದ್ರ ಶ್ರೀನಿವಾಸರ ‘ಶೂದ್ರ’, 1981ರಲ್ಲಿ ಯು.ಆರ್. ಅನಂತಮೂರ್ತಿಯವರ ‘ರುಜುವಾತು’, 2005ರಿಂದ ಏಳು ವರ್ಷಗಳ ಕಾಲ ವಿವೇಕ ಶಾನಭಾಗರ ‘ದೇಶ ಕಾಲ’ ಬಂದವು. ಇವುಗಳಲ್ಲಿ ಯಾವುದೂ ದಿನಪತ್ರಿಕೆಯ ಪ್ರಸಾರವನ್ನು ಕನಸಿನಲ್ಲಿಯೂ ಕಂಡದ್ದಲ್ಲ. ‘ಸಾಕ್ಷಿ’ಯಲ್ಲಿ ಕವಿತೆ ಬಂದಿತೆಂದರೆ ಅಡಿಗರು ಓದಿ ಒಪ್ಪಿದ್ದಾರೆಂಬುದೇ ಅರ್ಥವಾಗಿತ್ತು. ಉದಯೋನ್ಮುಖ ಕವಿಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಹೆಸರುಗಳು ಪಠ್ಯಪುಸ್ತಕಗಳಲ್ಲಿಯೂ ವಿಮರ್ಶಾಗ್ರಂಥಗಳಲ್ಲಿಯೂ ಮತ್ತೆ ಮತ್ತೆ ಬರುವುದರಿಂದ, ವಿದ್ಯಾರ್ಥಿಗಳು ಅವೆಲ್ಲ ಇನ್ನೂ ನಡೆಯುತ್ತಿವೆ ಎಂದು ಭಾವಿಸುವುದುಂಟು. ಸಾಹಿತ್ಯ ಪತ್ರಿಕೆಯ ಆಯುಸ್ಸು ಸಾಮಾನ್ಯವಾಗಿ ಅದರ ಸಂಪಾದಕರ ಉತ್ಸಾಹದಷ್ಟೇ. ‘ಜೀವನ’ವೂ ಇಲ್ಲ, ‘ಸಾಕ್ಷಿ’ಯೂ ಇಲ್ಲ, ‘ರುಜುವಾತು’ವೂ ಇಲ್ಲ, ‘ದೇಶ ಕಾಲ’ವೂ ನಿಂತಿತು. ನಿಂತುಹೋದ ಪತ್ರಿಕೆಯ ಕೀರ್ತಿಯಿಂದ ಇಂದಿನ ಬರಹಗಾರನಿಗೆ ಆಗುವ ಪ್ರಯೋಜನ ಒಂದೇ: ಅದರ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿ, ಒಳ್ಳೆಯ ಸಂಪಾದನೆ ಎಂದರೇನೆಂದು ಅರಿಯುವುದು. ಕಳುಹಿಸುವ ಮುನ್ನ ಪತ್ರಿಕೆಯ ಇತ್ತೀಚಿನ ಸಂಚಿಕೆಯನ್ನು ಕಣ್ಣಾರೆ ಕಂಡಿರಬೇಕು. ಇಲ್ಲದಿದ್ದರೆ ಬರಹವು ಯಾರೂ ಇಲ್ಲದ ಮನೆಯ ಬಾಗಿಲಿಗೆ ಹೋಗಿ ನಿಂತಂತಾಗುತ್ತದೆ.

ಗಂಭೀರ ಸಾಹಿತ್ಯ ಪತ್ರಿಕೆಗಳನ್ನು ಹೀಗೆ ಎತ್ತಿ ಹೇಳುವಾಗ ಜನಪ್ರಿಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಕೀಳೆಂದು ಬಗೆಯುವ ರೂಢಿಯೂ ಬೆಳೆದುಬಂದಿದೆ. ಇದು ಸರಿಯಲ್ಲ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಕಥಾಸಂಕಲನಕ್ಕಾಗಿ, ಅನುವಾದಕಿ ದೀಪಾ ಭಾಸ್ತಿಯವರೊಡನೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಹಾಸನದ ಬಾನು ಮುಷ್ತಾಕ್ ಅವರ ಮೊದಲ ಕಥೆ ಪ್ರಕಟವಾದದ್ದು ‘ಪ್ರಜಾಮತ’ದಲ್ಲಿ. ಆ ಜನಪ್ರಿಯ ಪತ್ರಿಕೆ ಇಂದು ಇಲ್ಲ. ಕಾಸರಗೋಡಿನ ಮಣ್ಣಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ಮೊದಲು ಧಾರಾವಾಹಿಯಾಗಿ ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ. 1980ರಲ್ಲಿ ಆರಂಭವಾದ ಆ ವಾರಪತ್ರಿಕೆಯ ಕಚೇರಿ ಇದ್ದದ್ದು ಬಸವನಗುಡಿಯಲ್ಲಿಯೇ. ರಾಜಕೀಯದ ಬಿಸಿಸುದ್ದಿಗಳಿಗಾಗಿ ಪತ್ರಿಕೆಯನ್ನು ಕೊಳ್ಳುತ್ತಿದ್ದವರ ಕೈಗೆ, ಗಡಿನಾಡಿನ ಮುಸ್ಲಿಂ ಹೆಣ್ಣೊಬ್ಬಳ ಸಂಕಟದ ಕಥೆ ವಾರವಾರವೂ ತಲುಪಿತು. ಆ ಓದುಗರು ಬೇರೆ ಯಾವ ತ್ರೈಮಾಸಿಕದಲ್ಲಿಯೂ ಆಕೆಗೆ ದೊರೆಯುತ್ತಿರಲಿಲ್ಲ. 1965ರಿಂದ ಬರುತ್ತಿರುವ ‘ಸುಧಾ’, 1968ರಿಂದ ಬರುತ್ತಿರುವ ‘ಮಯೂರ’, ಮಣಿಪಾಲದ ‘ತರಂಗ’, ‘ತುಷಾರ’ಗಳು ಸಣ್ಣಕಥೆಗೆ ನೀಡಿರುವ ಸ್ಥಳವೂ ಅಲ್ಪವಲ್ಲ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದು ಮುಂದೆ ಹೆಸರಾದ ಕಥೆಗಾರರ ಸಾಲು ಉದ್ದವಾಗಿದೆ. ಸಂಸಾರದ ಕಷ್ಟಸುಖಗಳನ್ನು ಸರಳವಾಗಿ ಹೇಳುವ ಕಥೆಗೆ ಇಂತಹ ಪತ್ರಿಕೆಯೇ ಸಹಜವಾದ ನೆಲೆ. ಅದನ್ನು ಪ್ರಯೋಗಶೀಲ ತ್ರೈಮಾಸಿಕಕ್ಕೆ ಕಳುಹಿಸಿ, ಹಿಂದಿರುಗಿ ಬಂದಾಗ ನೊಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ಮಠಗಳ ಪತ್ರಿಕೆಗಳ ವಿಚಾರ. ಇದನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. ಸಿದ್ಧಗಂಗಾ ಮಠದ ‘ಸಿದ್ಧಗಂಗಾ’, ಸುತ್ತೂರು ಶ್ರೀಮಠದ ‘ಪ್ರಸಾದ’, ಬಸವ ಸಮಿತಿಯ ‘ಬಸವ ಪಥ’ ಮೊದಲಾದ ಪತ್ರಿಕೆಗಳು ಶರಣ ತತ್ತ್ವವನ್ನು ಮನೆಮನೆಗೆ ಮುಟ್ಟಿಸಿವೆ. ಹಿಂದೆ ಬಿ. ಶಿವಮೂರ್ತಿ ಶಾಸ್ತ್ರಿಗಳ ‘ಶರಣ ಸಾಹಿತ್ಯ’ವು ಬೆಂಗಳೂರಿನಿಂದಲೇ ಹೊರಟು ಈ ಕಾರ್ಯಕ್ಕೆ ವಿದ್ವತ್ತಿನ ತಳಹದಿಯನ್ನು ಒದಗಿಸಿತ್ತು. ವಚನದ ಅರ್ಥವಿವೇಚನೆ, ಶರಣರ ಚರಿತ್ರೆ, ಷಟ್‌ಸ್ಥಲ ಸಿದ್ಧಾಂತದ ವಿವರಣೆ, ಹಸ್ತಪ್ರತಿಗಳ ಪರಿಚಯ, ಸ್ಥಳಪುರಾಣಗಳ ಶೋಧನೆ ಇಂತಹ ಬರಹಗಳಿಗೆ ಈ ಪತ್ರಿಕೆಗಳಿಗಿಂತ ಉತ್ತಮ ಸ್ಥಳವಿಲ್ಲ. ಇವುಗಳನ್ನು ಓದುವವರಿಗೆ ವಿಷಯದ ಪರಿಚಯವಿರುತ್ತದೆ, ತಪ್ಪು ಬರೆದರೆ ಕೂಡಲೇ ಪತ್ರ ಬರುತ್ತದೆ. ಆದರೆ ಕವಿತೆ, ಕಥೆಗಳ ಮಾತು ಹಾಗಲ್ಲ. ಭಕ್ತರೊಬ್ಬರು ಶ್ರೀಮಠದ ಮೇಲಿನ ಶ್ರದ್ಧೆಯಿಂದ ಬರೆದು ಕಳುಹಿಸಿದ ಪದ್ಯವನ್ನು ಹಿಂದಿರುಗಿಸಲು ಮಠದ ಪತ್ರಿಕೆಯ ಸಂಪಾದಕರಿಗೆ ದಾಕ್ಷಿಣ್ಯ ಅಡ್ಡ ಬರುತ್ತದೆ. ಪದ್ಯ ಅಚ್ಚಾಗುತ್ತದೆ, ಬಂಧುಬಳಗದವರು ಮೆಚ್ಚುತ್ತಾರೆ, ಗೋಷ್ಠಿಯಲ್ಲಿ ಹಾರ ಹಾಕಿ ಸನ್ಮಾನಿಸುತ್ತಾರೆ. ಬರೆದವರಿಗೆ ತಮ್ಮ ಪದ್ಯದಲ್ಲಿ ಪ್ರಾಸವಲ್ಲದೆ ಬೇರೇನೂ ಇಲ್ಲವೆಂಬುದನ್ನು ಹೇಳುವವರು ಯಾರೂ ಇರುವುದಿಲ್ಲ. ಆರು ವರ್ಷ ಹೀಗೆಯೇ ಬರೆದವರು ಏಳನೆಯ ವರ್ಷವೂ ಹಾಗೆಯೇ ಬರೆಯುತ್ತಾರೆ. ಸೃಜನಶೀಲ ಬರಹದಲ್ಲಿ ನಿಜವಾಗಿ ಮುಂದುವರಿಯಬೇಕೆಂಬ ಆಸೆಯುಳ್ಳ ಯುವಕ ಯುವತಿಯರು ತಮ್ಮ ಕವಿತೆಗಳನ್ನು ಪರಿಚಯವಿಲ್ಲದ, ದಾಕ್ಷಿಣ್ಯವಿಲ್ಲದ ಸಂಪಾದಕರ ಮುಂದೆ ಇಡುವುದೇ ಶ್ರೇಯಸ್ಕರ. ಮಠದ ಪತ್ರಿಕೆಯಲ್ಲಿಯೇ ಈ ಮಾತನ್ನು ಬರೆಯುವುದು ವಿಚಿತ್ರವೆನಿಸಿದರೂ ಇದು ಸತ್ಯ.

ಆಧುನಿಕ ವಚನಗಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ವಚನವು ಸುಲಭವಾಗಿ ಕಾಣುವ ಪ್ರಕಾರ. ಛಂದಸ್ಸಿನ ಕಟ್ಟಿಲ್ಲ, ದೀರ್ಘತೆಯ ನಿಯಮವಿಲ್ಲ, ಕೊನೆಗೆ ಒಂದು ಅಂಕಿತವಿದ್ದರೆ ಸಾಕೆಂಬ ಭಾವನೆ ಹರಡಿದೆ. ಬಸವಯುಗದ ನಂತರವೂ ವಚನ ರಚನೆ ನಿಂತಿಲ್ಲವೆಂಬುದು ಸರ್ವವಿದಿತ. ತೋಂಟದ ಸಿದ್ಧಲಿಂಗಯತಿಗಳೂ, ‘ಅಖಂಡೇಶ್ವರ’ ಅಂಕಿತದ ಷಣ್ಮುಖಶಿವಯೋಗಿಗಳೂ ಆ ಪರಂಪರೆಯನ್ನು ಮುಂದುವರಿಸಿದರು. ಆದರೆ ಅವರ ಅಂಕಿತವು ಅವರ ಸಾಧನೆಯ ಗುರುತಾಗಿತ್ತೇ ಹೊರತು ಪದ್ಯಕ್ಕೆ ಅಂಟಿಸಿದ ಮುದ್ರೆಯಾಗಿರಲಿಲ್ಲ. ಇಂದು ರಚಿತವಾಗುವ ವಚನಗಳಲ್ಲಿ ಹೆಚ್ಚಿನವು ಬಸವಣ್ಣನವರ ಮಾತಿನ ವರಸೆಯನ್ನು ತೆಗೆದುಕೊಂಡು ಅದರಲ್ಲಿ ಹೊಸ ನಾಮಪದಗಳನ್ನು ಕೂರಿಸಿದಂತಿವೆ. ಇಂತಹವನ್ನು ಸಾಹಿತ್ಯ ಪತ್ರಿಕೆಗೆ ಕಳುಹಿಸಿದರೆ ತಿರಸ್ಕೃತವಾಗುವುದು ಖಂಡಿತ. ಅದು ಧರ್ಮದ ಮೇಲಿನ ಅನಾದರದಿಂದ ಎಂದು ತಿಳಿಯಬಾರದು. ಅದೇ ಪತ್ರಿಕೆ ಶರಣರ ಬದುಕನ್ನು ಹೊಸ ಕಣ್ಣಿನಿಂದ ಕಂಡ ಕವಿತೆಯನ್ನು ಆದರದಿಂದ ಪ್ರಕಟಿಸೀತು.

ಹಾಗಾದರೆ ತಕ್ಕ ಪತ್ರಿಕೆಯನ್ನು ಗುರುತಿಸುವುದು ಹೇಗೆ? ಓದುವುದೊಂದೇ ಮಾರ್ಗ, ಇದಕ್ಕೆ ಅಡ್ಡದಾರಿಯಿಲ್ಲ. ದಕ್ಷಿಣ ಬೆಂಗಳೂರಿನವರಿಗೆ ಅನುಕೂಲಗಳ ಕೊರತೆಯಿಲ್ಲ. ಜಯನಗರ, ಬನಶಂಕರಿಗಳ ಸಾರ್ವಜನಿಕ ಗ್ರಂಥಾಲಯದ ಶಾಖೆಗಳಲ್ಲಿ ವಾರಪತ್ರಿಕೆ, ಮಾಸಪತ್ರಿಕೆಗಳು ದೊರೆಯುತ್ತವೆ. ನರಸಿಂಹರಾಜ ಕಾಲೊನಿಯ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನದ ಗ್ರಂಥಾಲಯವು ಕನ್ನಡದ ಅಭ್ಯಾಸಿಗಳಿಗಾಗಿಯೇ ಇರುವಂತಹದು. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿದೆ. ಗಾಂಧಿ ಬಜಾರಿನ ಪುಸ್ತಕದಂಗಡಿಗಳಲ್ಲಿ ಸಣ್ಣ ಪತ್ರಿಕೆಗಳ ಬಿಡಿ ಸಂಚಿಕೆಗಳೂ ಕಣ್ಣಿಗೆ ಬೀಳುತ್ತವೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕರ್ನಾಟಕ ಸಾಹಿತ್ಯ ಅಕಾಡೆಮಿಯ ‘ಅನಿಕೇತನ’ದ ಸಂಪುಟಗಳನ್ನು ನೋಡಿದರೆ ಸಮಕಾಲೀನ ಬರಹದ ಒಂದು ಸ್ಥೂಲ ಚಿತ್ರ ದೊರೆಯುತ್ತದೆ. ಬನಶಂಕರಿಯಿಂದ ಒಂದು ಬಸ್ಸು ಹತ್ತಿದರೆ ಇವುಗಳಲ್ಲಿ ಹಲವು ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ದೂರದಲ್ಲಿವೆ.

ಯಾವ ಪತ್ರಿಕೆಯನ್ನಾದರೂ ಒಂದು ಸಂಚಿಕೆಯಿಂದ ಅಳೆಯಬಾರದು. ಬಿಡಿಬಿಡಿಯಾಗಿ ಮೂರು ನಾಲ್ಕನ್ನಾದರೂ ಓದಬೇಕು. ಓದುವಾಗ ಗಮನಿಸತಕ್ಕ ಕೆಲವು ಅಂಶಗಳುಂಟು. ಪ್ರತಿ ಸಂಚಿಕೆಯಲ್ಲಿಯೂ ಅವೇ ಹೆಸರುಗಳು ಬರುತ್ತಿದ್ದರೆ ಅದು ಗೆಳೆಯರ ಬಳಗದ ಪತ್ರಿಕೆ, ಹೊರಗಿನವರಿಗೆ ಅಲ್ಲಿ ಸ್ಥಳ ಕಡಮೆ. ಪರಿಚಯವಿಲ್ಲದ ಹೊಸ ಹೆಸರುಗಳು ಆಗಾಗ ಕಂಡುಬಂದರೆ ಸಂಪಾದಕರು ಅಂಚೆಯಲ್ಲಿ ಬಂದುದನ್ನು ಓದುತ್ತಿದ್ದಾರೆಂದು ತಿಳಿಯಬಹುದು. ವಾಚಕರ ಪತ್ರಗಳ ಪುಟವು ಪತ್ರಿಕೆಯ ನಾಡಿ. ಅಲ್ಲಿ ಬರೀ ಅಭಿನಂದನೆಗಳಿದ್ದರೆ ವಾಚಕರು ಓದುತ್ತಿಲ್ಲ, ಅಥವಾ ಸಂಪಾದಕರು ಭಿನ್ನಾಭಿಪ್ರಾಯವನ್ನು ಅಚ್ಚು ಹಾಕುತ್ತಿಲ್ಲ. ಕಾಗುಣಿತದ ತಪ್ಪುಗಳು ಪುಟಪುಟದಲ್ಲಿಯೂ ಕಾಣುವ ಪತ್ರಿಕೆಯಲ್ಲಿ ಕವಿತೆಯ ಸಾಲು ಒಡೆಯುವ ರೀತಿಯನ್ನು ಯಾರೂ ಕಾಪಾಡಲಾರರು. ಕೊನೆಗೆ, ಪತ್ರಿಕೆಯ ಮೂಲೆಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಮತ್ತು ವಿಳಾಸ ಸ್ಪಷ್ಟವಾಗಿವೆಯೇ ಎಂದು ನೋಡಬೇಕು. ಹೆಸರು ಹೇಳಿಕೊಳ್ಳದ ಪತ್ರಿಕೆಯ ಮೇಲೆ ಭರವಸೆ ಇಡುವುದು ಕಷ್ಟ.

ವಿದ್ಯಾರ್ಥಿಗಳಿಗೆ ಇನ್ನೊಂದು ಹೆಬ್ಬಾಗಿಲು ಇದೆ. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜಿನಲ್ಲಿ ಪ್ರೊ. ಚಿ. ಶ್ರೀನಿವಾಸರಾಜು ಅವರು ಕಟ್ಟಿ ಬೆಳೆಸಿದ ಕನ್ನಡ ಸಂಘವು ವಿದ್ಯಾರ್ಥಿಗಳಿಗಾಗಿ ಬೇಂದ್ರೆಯವರ ಹೆಸರಿನಲ್ಲಿ ಕಾವ್ಯಸ್ಪರ್ಧೆಯನ್ನೂ, ಅ.ನ.ಕೃ. ಹೆಸರಿನಲ್ಲಿ ಕಥಾಸ್ಪರ್ಧೆಯನ್ನೂ ನಡೆಸಿ, ಮೆಚ್ಚಿಗೆ ಪಡೆದ ರಚನೆಗಳನ್ನು ಪುಸ್ತಕಗಳಾಗಿ ತಂದಿತು. ಕನ್ನಡವು ಬೋಧನ ಮಾಧ್ಯಮವೂ ಅಲ್ಲದ ಒಂದು ಕಾಲೇಜಿನಲ್ಲಿ, ಒಬ್ಬ ಅಧ್ಯಾಪಕರ ನಿಷ್ಠೆಯಿಂದ ನಡೆದ ಈ ಕೆಲಸ ಆಶ್ಚರ್ಯಕರವಾದದ್ದು. ನಾಡಿನ ಮೂಲೆಮೂಲೆಗಳಿಂದ ಕಾಲೇಜು ಹುಡುಗರು ಹುಡುಗಿಯರು ಬರೆದು ಕಳುಹಿಸಿದರು. ಅವರಲ್ಲಿ ಅನೇಕರು ಮುಂದೆ ಕವಿಗಳೆಂದು, ಕಥೆಗಾರರೆಂದು ಗುರುತಿಸಲ್ಪಟ್ಟರು. ಶ್ರೀನಿವಾಸರಾಜು ಅವರು 2007ರಲ್ಲಿ ತೀರಿಕೊಂಡರು. ಇಂತಹ ಸ್ಪರ್ಧೆಗಳಲ್ಲಿ ಬಹುಮಾನಕ್ಕಿಂತ ತೀರ್ಪುಗಾರರು ಯಾರು ಎಂಬುದನ್ನು ನೋಡಬೇಕು. ಹಿರಿಯ ಕವಿಯೊಬ್ಬರು ಓದುತ್ತಾರೆಂದರೆ ಬಹುಮಾನ ಬಾರದಿದ್ದರೂ ಕಳುಹಿಸಿದ ಶ್ರಮ ವ್ಯರ್ಥವಲ್ಲ.

ಈಚೆಗೆ ಗೌರವದ ಹೆಸರಿನಲ್ಲಿ ಕೆಲವು ಭ್ರಮೆಗಳೂ ಹಬ್ಬಿವೆ. ಪತ್ರಿಕೆಗೆ ಐ.ಎಸ್.ಎಸ್.ಎನ್. ಸಂಖ್ಯೆಯಿದೆ, ಪುಸ್ತಕಕ್ಕೆ ಐ.ಎಸ್.ಬಿ.ಎನ್. ಇದೆ ಎಂಬುದನ್ನೇ ಮಾನ್ಯತೆಯೆಂದು ತಿಳಿಯುವವರಿದ್ದಾರೆ. ಅವು ಗ್ರಂಥಾಲಯದವರೂ ವ್ಯಾಪಾರಿಗಳೂ ಗುರುತು ಹಿಡಿಯಲು ಇಟ್ಟುಕೊಂಡ ಸಂಖ್ಯೆಗಳು. ಬರಹ ಒಳ್ಳೆಯದೋ ಕೆಟ್ಟದೋ ಎಂದು ಅವು ಹೇಳುವುದಿಲ್ಲ. ಕಾಲೇಜು ಅಧ್ಯಾಪಕರೂ ಸಂಶೋಧಕರೂ ಕೆಲವು ವರ್ಷಗಳ ಕಾಲ ವಿಶ್ವವಿದ್ಯಾಲಯ ಅನುದಾನ ಆಯೋಗದ ‘ಕೇರ್’ ಪಟ್ಟಿಯನ್ನು ನೋಡಿ ಪತ್ರಿಕೆಗಳನ್ನು ಆರಿಸುತ್ತಿದ್ದರು. 2025ರಲ್ಲಿ ಆಯೋಗವು ಆ ಪಟ್ಟಿಯನ್ನೇ ಕೈಬಿಟ್ಟಿತು. ಅದು ಇದ್ದಾಗಲೂ ಸಂಶೋಧನ ಪ್ರಬಂಧಗಳಿಗೆ ಮಾತ್ರ ಸಂಬಂಧಿಸಿದ್ದಾಗಿತ್ತು, ಕವಿತೆಗೂ ಅದಕ್ಕೂ ನಂಟೇ ಇರಲಿಲ್ಲ. ಇದಕ್ಕಿಂತ ಹಾನಿಕರವಾದದ್ದು ಹಣ ಕೊಟ್ಟು ಸೇರುವ ಸಂಕಲನಗಳ ರೂಢಿ. ಕವಿತೆಯೊಂದಕ್ಕೆ ಇಷ್ಟು ರೂಪಾಯಿ, ಕೊನೆಯಲ್ಲಿ ಒಂದು ಪ್ರಶಸ್ತಿಪತ್ರ, ಒಂದು ಶಾಲು. ನಿವೃತ್ತರೂ ಗೃಹಿಣಿಯರೂ ತಮ್ಮ ಉಳಿತಾಯದ ಹಣವನ್ನು ಇದಕ್ಕೆ ಸುರಿಯುತ್ತಿರುವುದು ಖೇದಕರ. ಹಣ ಪಡೆದು ಎಲ್ಲರನ್ನೂ ಸೇರಿಸುವ ಪುಸ್ತಕವನ್ನು ಅದರಲ್ಲಿರುವ ಕವಿಗಳಲ್ಲದೆ ಬೇರೆ ಯಾರೂ ಓದುವುದಿಲ್ಲ. ಅವರೂ ತಮ್ಮ ಪುಟವನ್ನು ಮಾತ್ರ ಓದುತ್ತಾರೆ. ಪುಸ್ತಕವೇ ತರಬೇಕೆನ್ನುವ ಯುವ ಲೇಖಕರು ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗಳಿಗೆ ನೀಡುವ ಪ್ರೋತ್ಸಾಹಧನದ ಪ್ರಕಟಣೆಯನ್ನು ಗಮನಿಸುವುದು ಲೇಸು.

ಕಳುಹಿಸುವ ಕ್ರಮದಲ್ಲಿಯೂ ಕೆಲವು ಮರ್ಯಾದೆಗಳಿವೆ. ಹಿಂದಿನ ಕಾಲದಲ್ಲಿ ಕಾಗದದ ಒಂದೇ ಮಗ್ಗುಲಿಗೆ, ಅಂಚು ಬಿಟ್ಟು, ದುಂಡಾಗಿ ಬರೆದು, ಹಿಂದಿರುಗಿಸಲು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಇಟ್ಟು ಕಳುಹಿಸುವುದು ರೂಢಿಯಾಗಿತ್ತು. ಈಗ ಹೆಚ್ಚಿನ ಪತ್ರಿಕೆಗಳು ಮಿಂಚಂಚೆಯಲ್ಲಿ ಸ್ವೀಕರಿಸುತ್ತವೆ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಬರಹವು ಇನ್ನೊಂದು ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಆದಕಾರಣ ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವೊತ್ತೂ ಕೆಟ್ಟಿವೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಓದಿ ಕಳುಹಿಸಬೇಕು. ಒಂದೇ ಬರಹವನ್ನು ಏಕಕಾಲಕ್ಕೆ ಹಲವು ಪತ್ರಿಕೆಗಳಿಗೆ ಕಳುಹಿಸಕೂಡದು. ಎರಡು ಕಡೆ ಒಂದೇ ತಿಂಗಳಲ್ಲಿ ಪ್ರಕಟವಾದರೆ ಇಬ್ಬರು ಸಂಪಾದಕರ ವಿಶ್ವಾಸವೂ ಹೋಗುತ್ತದೆ. ಮೂರು ತಿಂಗಳು ಕಾದು, ಒಂದು ವಿನಯದ ಪತ್ರ ಬರೆದು, ಆಮೇಲೆ ಬೇರೆಡೆಗೆ ಕಳುಹಿಸುವುದು ಯೋಗ್ಯ. ಜೊತೆಗಿಡುವ ಪತ್ರ ಐದಾರು ಸಾಲು ಮೀರಬಾರದು. ತಮಗೆ ದೊರೆತ ಸನ್ಮಾನಗಳ ಪಟ್ಟಿಯನ್ನು ಅದರಲ್ಲಿ ಬರೆಯುವುದರಿಂದ ಕವಿತೆಯ ತೂಕ ಹೆಚ್ಚುವುದಿಲ್ಲ.

ಹಕ್ಕಿನ ವಿಚಾರದಲ್ಲಿ ಬಹುಮಂದಿಗೆ ತಿಳಿವಳಿಕೆ ಕಡಮೆ. 1957ರ ಕೃತಿಸ್ವಾಮ್ಯ ಕಾನೂನಿನಂತೆ, ಸ್ವತಂತ್ರವಾಗಿ ಬರೆದ ಬರಹದ ಒಡೆತನ ಮೊದಲು ಬರೆದವರದೇ. ಪತ್ರಿಕೆ ಒಮ್ಮೆ ಅಚ್ಚು ಹಾಕಿತೆಂದ ಮಾತ್ರಕ್ಕೆ ಆ ಹಕ್ಕು ಅದಕ್ಕೆ ಸೇರುವುದಿಲ್ಲ. ಹಕ್ಕನ್ನು ವಹಿಸಿಕೊಡಬೇಕಾದರೆ ಲಿಖಿತವಾಗಿ, ಸಹಿ ಮಾಡಿ ಕೊಡಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷಗಳೆಂದು ಭಾವಿಸಲಾಗುತ್ತದೆ. ಮುಂದೆ ಸಂಕಲನ ತರುವಾಗ ಮೊದಲು ಪ್ರಕಟಿಸಿದ ಪತ್ರಿಕೆಯನ್ನು ಕೃತಜ್ಞತೆಯಿಂದ ಹೆಸರಿಸುವುದು ಸಜ್ಜನರ ನಡವಳಿಕೆ.

ವಚನವನ್ನು ಆಧರಿಸಿ ಬರೆಯುವವರು ಇನ್ನೊಂದು ಹೊಣೆಯನ್ನು ಹೊರಬೇಕಾಗುತ್ತದೆ. ಕಥೆಯ ಪಾತ್ರವೊಂದು ವಚನವನ್ನು ಹೇಳುವಂತೆ ಬರೆಯುವಾಗಲೂ, ಪ್ರಬಂಧದಲ್ಲಿ ಉದಾಹರಿಸುವಾಗಲೂ ನೆನಪನ್ನು ನಂಬಬಾರದು. ಕ್ಯಾಲೆಂಡರುಗಳಲ್ಲಿ, ಗೋಡೆಬರಹಗಳಲ್ಲಿ, ಕೈಫೋನುಗಳಲ್ಲಿ ಹರಿದಾಡುವ ವಚನಗಳಲ್ಲಿ ಪಾಠ ಕೆಟ್ಟಿರುವವು ಹಲವು. ಒಬ್ಬ ಶರಣರ ವಚನಕ್ಕೆ ಇನ್ನೊಬ್ಬರ ಹೆಸರು ಅಂಟಿರುವವೂ ಉಂಟು, ಶರಣರದೇ ಅಲ್ಲದವೂ ಉಂಟು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳು 15 ಇವೆ. ಕಳುಹಿಸುವ ಮುನ್ನ ಅವುಗಳಲ್ಲಿ ಪಾಠವನ್ನು ಒಪ್ಪ ನೋಡಿ, ಸಂಪುಟದ ಮತ್ತು ವಚನದ ಸಂಖ್ಯೆಯನ್ನು ಅಂಚಿನಲ್ಲಿ ಗುರುತಿಸಿದರೆ ಸಂಪಾದಕರಿಗೆ ಲೇಖಕರ ಶ್ರದ್ಧೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಬರಹ ಹಿಂದಿರುಗಿದಾಗ ಮಾಡಬೇಕಾದ ಕೆಲಸ ಒಂದಿದೆ. ಅದನ್ನು ಹದಿನೈದು ದಿನ ಕಣ್ಣಿಗೆ ಬೀಳದಂತೆ ಎತ್ತಿಟ್ಟು, ಆಮೇಲೆ ಬೇರೊಬ್ಬರು ಬರೆದದ್ದೆಂಬಂತೆ ಗಟ್ಟಿಯಾಗಿ ಓದಬೇಕು. ನಾಲಿಗೆ ತಡವರಿಸಿದ ಕಡೆ ಗೆರೆ ಎಳೆಯಬೇಕು. ಸಂಪಾದಕರು ಎರಡು ಸಾಲು ಕಾರಣ ಬರೆದಿದ್ದರೆ ಆ ಪತ್ರವನ್ನು ಕವಿತೆಗಿಂತ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಾರಣ ಬರೆಯುವ ಸಂಪಾದಕರು ಈಗ ವಿರಳ. ಅಂತಹವರ ಪತ್ರಿಕೆಗೆ ಚಂದಾದಾರರಾಗಿ, ತಿದ್ದಿದ ಬರಹವನ್ನಲ್ಲ, ಹೊಸದೊಂದನ್ನು ಬರೆದು ಅವರಿಗೇ ಕಳುಹಿಸಬೇಕು. ತಿದ್ದಿದ ಬರಹವನ್ನು, ಪಟ್ಟಿಯಲ್ಲಿ ಎರಡನೆಯದಾಗಿ ಗುರುತಿಸಿಟ್ಟುಕೊಂಡ ಪತ್ರಿಕೆಗೆ ಕಳುಹಿಸಬಹುದು.